ದಿಗ್ಬಂಧನದ ನಡುವೆ ಅನ್ನ

ಹಸಿದವನಿಗೆ ಅನ್ನವಿಕ್ಕಬೇಕಾದರೆ ಎರಡೇ ವಸ್ತುಗಳು ಬೇಕು, ಒಂದು ಅನ್ನ, ಇನ್ನೊಂದು ಇಕ್ಕುವ ಮನಸ್ಸು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಶಾಂತಿಕಾಲದಲ್ಲಿ ಇದು ಬಹುಮಟ್ಟಿಗೆ ನಿಜವೇ. ಮಳೆ ಹೋಗಿ ಬರ ಬಿದ್ದ ಸೀಮೆಗೆ ಬೆಳೆ ಬಂದ ಸೀಮೆಯಿಂದ ಧಾನ್ಯವನ್ನು ಸಾಗಿಸುವುದಕ್ಕೆ ಹಣ, ರೈಲು, ಗಾಡಿ, ದಕ್ಷರಾದ ಕೆಲವು ಮಂದಿ ಅಧಿಕಾರಿಗಳು ಇದ್ದರೆ ಕೆಲಸ ನಡೆಯುತ್ತದೆ. ಯುದ್ಧಕ್ಕೆ ಸಿಕ್ಕಿದ ನಾಡಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಧಾನ್ಯವೂ ಇದ್ದು, ಕೊಡುವವರೂ ಇದ್ದು, ಸಾಗಿಸುವ ಹಡಗೂ ಇದ್ದು, ಜನರು ಮಾತ್ರ ಬೀದಿಯಲ್ಲಿ ಕುಸಿದು ಸಾಯುವುದುಂಟು. ಇದೇಕೆ ಹೀಗಾಗುತ್ತದೆ, ಇದರ ಬಿಡುಗಡೆಗೆ ಮನುಷ್ಯರು ಕಂಡುಕೊಂಡ ದಾರಿ ಯಾವುದು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ. ಬರಿಯ ತತ್ತ್ವವನ್ನು ಹೇಳುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ನೋಡುವುದು ಮೇಲು. ಎರಡನೆಯ ಮಹಾಯುದ್ಧದಲ್ಲಿ ಗ್ರೀಸ್ ದೇಶಕ್ಕೆ ಬಂದ ಕ್ಷಾಮವನ್ನೇ ನಾವು ಆರಿಸಿಕೊಂಡಿದ್ದೇವೆ.

ಗ್ರೀಸ್ ಬೆಟ್ಟಗಳ ಮತ್ತು ದ್ವೀಪಗಳ ನಾಡು. ಆಲಿವ್, ದ್ರಾಕ್ಷಿ, ಹೊಗೆಸೊಪ್ಪು ಇವು ಅಲ್ಲಿ ಚೆನ್ನಾಗಿ ಬೆಳೆಯುತ್ತವೆ. ಗೋಧಿಗೆ ತಕ್ಕ ಬಯಲು ಕಡಿಮೆ. ಯುದ್ಧಕ್ಕೆ ಮುಂಚೆ ಅಲ್ಲಿನ ಜನಸಂಖ್ಯೆ ಸುಮಾರು ೭೩ ಲಕ್ಷ. ಅವರು ತಿನ್ನುತ್ತಿದ್ದ ಧಾನ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೊರನಾಡುಗಳಿಂದ ಹಡಗಿನಲ್ಲಿ ಬರುತ್ತಿತ್ತು. ೧೯೪೦ರ ಅಕ್ಟೋಬರಿನಲ್ಲಿ ಇಟಲಿಯು ಅಲ್ಬೇನಿಯದ ಕಡೆಯಿಂದ ದಾಳಿಮಾಡಿತು. ಗ್ರೀಕರು ಆ ಸೈನ್ಯವನ್ನು ಹಿಮ್ಮೆಟ್ಟಿಸಿದರು. ೧೯೪೧ನೆಯ ಏಪ್ರಿಲ್ ೬ರಂದು ಜರ್ಮನರು ನುಗ್ಗಿದರು. ಅದೇ ತಿಂಗಳು ೨೭ರಂದು ಅಥೆನ್ಸ್ ನಗರ ಅವರ ವಶವಾಯಿತು. ಅನಂತರ ಗೆದ್ದವರು ಆ ನಾಡನ್ನು ಮೂರು ಹೋಳುಮಾಡಿಕೊಂಡರು. ಕೆಲವು ಮುಖ್ಯ ಸ್ಥಳಗಳು ಜರ್ಮನರಿಗೆ, ಹೆಚ್ಚಿನ ಭಾಗ ಇಟಲಿಗೆ, ಪೂರ್ವ ಮೆಸಿಡೋನಿಯ ಮತ್ತು ಪಶ್ಚಿಮ ಥ್ರೇಸ್ ಬಲ್ಗೇರಿಯಕ್ಕೆ ಸೇರಿದುವು. ಈ ಕೊನೆಯ ಭಾಗವೇ ದೇಶದ ಧಾನ್ಯದ ಕಣಜಗಳಲ್ಲೊಂದು. ಅಲ್ಲಿನ ಗೋಧಿ ದಕ್ಷಿಣದ ಪಟ್ಟಣಗಳಿಗೆ ಬರುವುದು ನಿಂತುಹೋಯಿತು.

ಇನ್ನು ಉಳಿದ ಭಾಗದಲ್ಲಿ ಬೇಲಿಯೇ ಎದ್ದು ಹೊಲವನ್ನು ಮೇಯ್ದಿತು. ದಂಡುಗಳು ತಮಗೆ ಬೇಕಾದುದನ್ನು ಉಗ್ರಾಣಗಳಿಂದ ಎತ್ತಿಕೊಂಡುವು. ಲಾರಿಗಳನ್ನೂ ದೋಣಿಗಳನ್ನೂ ಪಶುಗಳನ್ನೂ ವಶಪಡಿಸಿಕೊಂಡುವು. ದಂಡಿನ ವೆಚ್ಚವನ್ನು ಗ್ರೀಕರೇ ತೆರಬೇಕಾಗಿ ಬಂದು, ಅದಕ್ಕಾಗಿ ನೋಟುಗಳನ್ನು ಎಣಿಕೆಯಿಲ್ಲದೆ ಅಚ್ಚುಹಾಕಿದರು. ದಿನದಿನಕ್ಕೂ ಬೆಲೆಗೆಡುತ್ತಿರುವ ಕಾಗದಕ್ಕೆ ಯಾವ ರೈತನು ತಾನೇ ತನ್ನ ಗೋಧಿಯನ್ನು ಮಾರಿಯಾನು? ಅವನು ಅದನ್ನು ಹಗೇವಿನಲ್ಲಿ ಅಡಗಿಸಿಟ್ಟನು, ಇಲ್ಲವೆ ಕಾಳಸಂತೆಗೆ ಕಳುಹಿಸಿದನು. ಇಷ್ಟರ ಮೇಲೆ ಸಮುದ್ರದ ಬಾಗಿಲೂ ಮುಚ್ಚಿತು. ಅದನ್ನು ಮುಚ್ಚಿದವರು ಗ್ರೀಕರ ಶತ್ರುಗಳಲ್ಲ, ಅವರ ಮಿತ್ರರಾದ ಬ್ರಿಟಿಷರು. ಶತ್ರುವಿನ ವಶದಲ್ಲಿರುವ ಯಾವ ತೀರಕ್ಕೂ ಸರಕು ಹೋಗಕೂಡದೆಂಬುದು ಬ್ರಿಟಿಷ್ ದಿಗ್ಬಂಧನದ ನಿಯಮ. ಗ್ರೀಸ್ ಶತ್ರುವಶವಾದ ಗಳಿಗೆಯಿಂದ ಆ ನಿಯಮ ಅದಕ್ಕೂ ಅನ್ವಯಿಸಿತು.

೧೯೪೧-೪೨ರ ಚಳಿಗಾಲ ಅಲ್ಲಿ ಬಹು ಕಠಿನವಾಗಿತ್ತು. ಅಥೆನ್ಸಿನಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸಿಕ್ಕುತ್ತಿದ್ದ ರೊಟ್ಟಿ ೧೦೦ ಗ್ರಾಮಿಗಿಂತ ಕಡಿಮೆಗೆ ಇಳಿಯಿತು. ಕೆಲವು ದಿನ ಅದೂ ಇಲ್ಲ. ಸತ್ತವರನ್ನು ಪುರಸಭೆಯ ಗಾಡಿಗಳು ಬೀದಿಗಳಿಂದ ಎತ್ತಿಕೊಂಡು ಹೋಗುತ್ತಿದ್ದುವು. ಮನೆಯವರು ಸತ್ತರೆ ಅದನ್ನು ಕಚೇರಿಗೆ ತಿಳಿಸದೆ, ಹೆಣವನ್ನು ರಾತ್ರಿಯಲ್ಲಿ ಸ್ಮಶಾನದ ಗೋಡೆಯಾಚೆ ಇಟ್ಟುಬರುವ ಸ್ಥಿತಿ ಬಂದಿತು. ಮರಣವನ್ನು ಬರೆಯಿಸಿದರೆ ಸತ್ತವನ ಪಡಿತರದ ಚೀಟಿಯನ್ನು ಹಿಂದಕ್ಕೆ ಕೊಡಬೇಕಾಗುತ್ತಿತ್ತು. ಆ ಚೀಟಿ ಬದುಕಿದ್ದವರ ತುತ್ತು. ಅಥೆನ್ಸ್ ಮತ್ತು ಅದರ ಬಂದರಾದ ಪಿರೇಯಸ್ ಎರಡರಲ್ಲಿಯೇ ಒಂದು ವರ್ಷದೊಳಗೆ ಸುಮಾರು ೪೦,೦೦೦ ಜನ ಹಸಿವಿನಿಂದ ಸತ್ತರೆಂದು ಎಣಿಸಿದ್ದಾರೆ. ಇಡೀ ಆಕ್ರಮಣಕಾಲದಲ್ಲಿ ಹಸಿವು ಮತ್ತು ಅದರ ಹಿಂದೆಯೇ ಬರುವ ರೋಗಗಳಿಂದ ಸತ್ತವರು ಎರಡೂವರೆ ಲಕ್ಷದಿಂದ ಮೂರು ಲಕ್ಷದವರೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಈಗ ವಾದಗಳನ್ನು ನೋಡೋಣ. ಲಂಡನ್ನಿನಲ್ಲಿದ್ದ ಸರಕಾರ ಹೇಳಿದುದಿಷ್ಟು: ಒಂದು ನಾಡನ್ನು ಗೆದ್ದು ಆಳುತ್ತಿರುವವನಿಗೆ ಆ ನಾಡಿನ ಸುವ್ಯವಸ್ಥೆಯ ಹೊಣೆಯೂ ಸೇರಿದುದು, ೧೯೦೭ನೆಯ ಹೇಗ್ ಒಡಂಬಡಿಕೆಯ ಆಶಯವೂ ಅದೇ. ನಾವು ಗೋಧಿಯನ್ನು ಕಳುಹಿಸಿದರೆ ಶತ್ರುವಿನ ಹೊಣೆಯನ್ನು ನಾವು ಹೊತ್ತಂತಾಗುವುದು. ನಾವು ಹತ್ತು ಮೂಟೆ ಇಳಿಸಿದರೆ ಅವನು ಅಲ್ಲಿನ ಹತ್ತು ಮೂಟೆಯನ್ನು ಧೈರ್ಯವಾಗಿ ತನ್ನ ದಂಡಿಗೆ ಸಾಗಿಸುವನು. ಹೆಸರಿಗೆ ಗ್ರೀಕರು ಉಂಡರೂ ನಿಜವಾಗಿ ಉಂಡವನು ಜರ್ಮನನೇ. ಇಷ್ಟೇ ಅಲ್ಲದೆ ಗ್ರೀಸಿಗೆ ಬಾಗಿಲು ತೆರೆದರೆ ಬೆಲ್ಜಿಯಮ್, ನಾರ್ವೆ, ಹಾಲೆಂಡುಗಳಿಗೆ ಇಲ್ಲವೆನ್ನುವುದು ಹೇಗೆ? ದಿಗ್ಬಂಧನ ಜರಡಿಯಾದರೆ ಯುದ್ಧ ಬೆಳೆಯುವುದು. ಯುದ್ಧ ಬೆಳೆದರೆ ಇನ್ನೂ ಹೆಚ್ಚು ಜನ ಸಾಯುವರು.

ಜರ್ಮನರು ಹೇಳಿದುದು ಇನ್ನೊಂದು. ಸಮುದ್ರವನ್ನು ಮುಚ್ಚಿದವರು ಬ್ರಿಟಿಷರು. ಆದುದರಿಂದ ಹಸಿವಿನ ಪಾಪವೂ ಅವರದೇ. ಮೇಲಾಗಿ ಗ್ರೀಸ್ ಇಟಲಿಯ ಪ್ರಭಾವಕ್ಕೆ ಒಳಪಟ್ಟ ನಾಡು. ಅದಕ್ಕೆ ಅನ್ನವಿಕ್ಕುವುದು ಇಟಲಿಯ ಕೆಲಸ. ಇಟಲಿಯವರು, ದೋಚಿಕೊಂಡು ಹೋದವರು ಜರ್ಮನರು, ಕೊಡಬೇಕಾದವರೂ ಅವರೇ ಎಂದರು. ಹೀಗೆ ಒಂದು ನಾಡಿನ ತುತ್ತು ಮೂರು ರಾಜಧಾನಿಗಳ ನಡುವೆ ಚೆಂಡಿನಂತೆ ತಿರುಗಿತು.

ಆಕ್ರಮಣಕಾರರ ಮಾತಿನಲ್ಲಿ ಬಹುಪಾಲು ಕಪಟವೇ ಇತ್ತೆಂಬುದರಲ್ಲಿ ಸಂದೇಹವಿಲ್ಲ. ದೋಚಿದವನು ಕೈತೊಳೆದುಕೊಂಡ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ. ಬ್ರಿಟಿಷರ ವಾದ ಹಾಗಲ್ಲ, ಅದರಲ್ಲಿ ಯುಕ್ತಿಯಿತ್ತು. ನಾವು ಈ ವಿಷಯವನ್ನು ವಿವರಿಸಬೇಕೆಂದು ಹೊರಟಿರುವುದೂ ಅದಕ್ಕಾಗಿಯೇ. ಯುದ್ಧದಲ್ಲಿ ಅನ್ನವನ್ನು ತಡೆಯುವವರೆಲ್ಲ ಕ್ರೂರಿಗಳಾಗಿದ್ದರೆ ಈ ಪ್ರಶ್ನೆ ಸುಲಭವಾಗುತ್ತಿತ್ತು. ಸಜ್ಜನರು ಕೂಡ ಕಾಗದದ ಮೇಲೆ ತಪ್ಪಿಲ್ಲದ ಲೆಕ್ಕವನ್ನು ಹಾಕಿ ಅನ್ನವನ್ನು ತಡೆಯಬಲ್ಲರು. ಆ ಲೆಕ್ಕದಲ್ಲಿ ಗೋಧಿಯೂ ಒಂದು ಯುದ್ಧಸಾಮಗ್ರಿ. ಬ್ರಿಟಿಷ್ ಸರಕಾರದಲ್ಲಿ ರೊಟ್ಟಿಗೆ ಅಪ್ಪಣೆ ಕೊಡಬೇಕಾದ ಇಲಾಖೆಯ ಹೆಸರೇ ಆರ್ಥಿಕ ಯುದ್ಧದ ಇಲಾಖೆ ಎಂದು!

ಮೊದಲ ಬಿರುಕು ಮೂಡಿದುದು ತುರ್ಕಿಯ ಕಡೆಯಿಂದ. ತುರ್ಕಿ ಆಗ ತಟಸ್ಥ ರಾಷ್ಟ್ರ. ಅಲ್ಲಿಂದ ಹೋಗುವ ಆಹಾರ ಸಾಗರಗಳನ್ನು ದಾಟಿ ಬಂದುದಲ್ಲವಾದ್ದರಿಂದ ದಿಗ್ಬಂಧನದ ನಿಯಮಕ್ಕೆ ಭಂಗವಿಲ್ಲವೆಂದು ಬ್ರಿಟಿಷರು ಒಪ್ಪಿಕೊಂಡರು. ೧೯೪೧ರ ಅಕ್ಟೋಬರಿನಲ್ಲಿ ‘ಕುರ್ತುಲುಷ್’ ಎಂಬ ಹಡಗು ಹುರುಳಿಜಾತಿಯ ಕಾಳು, ಕಡಲೆ, ಈರುಳ್ಳಿ, ಮೊಟ್ಟೆ, ಒಣಮೀನು ಮುಂತಾದುವನ್ನು ಹೇರಿಕೊಂಡು ಇಸ್ತಾಂಬುಲಿನಿಂದ ಪಿರೇಯಸ್ಸಿಗೆ ಹೊರಟಿತು. ಆ ಮಾತಿಗೆ ‘ಬಿಡುಗಡೆ’ ಎಂದು ಅರ್ಥ. ಅದು ೧೮೮೩ರಲ್ಲಿ ಕಟ್ಟಿದ ಮುದಿ ಹಡಗು. ಪ್ರತಿ ಸಲವೂ ಒಯ್ದುದು ಎರಡು ಸಾವಿರ ಟನ್ನಿಗಿಂತ ಕಡಿಮೆ. ನಾಲ್ಕು ಸಲ ಹೋಗಿಬಂದು, ಐದನೆಯ ಸಲ, ೧೯೪೨ರ ಜನವರಿಯಲ್ಲಿ, ಮರ್ಮರ ಸಮುದ್ರದ ಬಂಡೆಗೆ ಬಡಿದು ಮುಳುಗಿತು. ನಾವಿಕರು ಉಳಿದರು. ತುರ್ಕಿ ಬೇರೆ ಹಡಗನ್ನು ಕಳುಹಿಸಿತು. ಆದರೆ ಇದು ಕಾದ ಕಾವಲಿಯ ಮೇಲೆ ಬಿದ್ದ ಹನಿ. ತುರ್ಕಿಗೇ ಧಾನ್ಯದ ಅಭಾವವಿತ್ತು. ಗ್ರೀಸಿಗೆ ಬೇಕಾದುದು ಗೋಧಿಯ ಹೊಳೆ.

ಈ ನಡುವೆ ಲಂಡನ್ನಿನಲ್ಲಿ ನೆಲೆಸಿದ್ದ ಗ್ರೀಕ್ ಸರಕಾರ, ಅದರ ಪ್ರಧಾನಿ ಸುದೆರೋಸ್ ಅವರು, ಅಮೆರಿಕದಲ್ಲಿದ್ದ ಗ್ರೀಕರು, ಇಂಗ್ಲೆಂಡಿನ ಧರ್ಮಬುದ್ಧಿಯುಳ್ಳ ನಾಗರಿಕರು ಒತ್ತಾಯವನ್ನು ಹೆಚ್ಚಿಸಿದರು. ೧೯೪೨ರ ಜನವರಿ ೨೭ರಂದು ಮಂತ್ರಿ ಹ್ಯೂ ಡಾಲ್ಟನ್ನರು ೮,೦೦೦ ಟನ್ ಗೋಧಿಯನ್ನು ಗ್ರೀಸಿಗೆ ಬಿಡುವುದಾಗಿ ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದರು. ಅನಂತರ ಸ್ವೀಡನ್ ದೇಶದ ಮಧ್ಯಸ್ಥಿಕೆಯಲ್ಲಿ ದೊಡ್ಡ ಏರ್ಪಾಡಿನ ಮಾತುಕತೆ ಬೆಳೆಯಿತು. ಅದು ಮುಗಿಯುವ ವೇಳೆಗೆ ಆ ವರ್ಷದ ಬೇಸಗೆ ಬಂದಿತ್ತು. ಕೆನಡದ ಗೋಧಿಯನ್ನು ಹೊತ್ತ ಹಡಗುಗಳು ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದುವು. ಸಾವಿನ ಚಳಿಗಾಲ ಕಳೆದು ಆಗಲೇ ತಿಂಗಳುಗಳಾಗಿದ್ದುವು.

ಈ ಏರ್ಪಾಡಿನ ರಚನೆಯನ್ನು ಗಮನಿಸಬೇಕು. ನಮ್ಮ ಇಂದಿನ ವಿಷಯದ ತಿರುಳು ಇಲ್ಲಿಯೇ ಇದೆ. ಗೋಧಿ ಕೆನಡದ ಕೊಡುಗೆ. ತಿಂಗಳಿಗೆ ೧೫,೦೦೦ ಟನ್. ಹಡಗುಗಳು ತಟಸ್ಥವಾದ ಸ್ವೀಡನ್ನಿನವು. ಅವುಗಳ ಪಕ್ಕಗಳಲ್ಲಿ ದೂರಕ್ಕೆ ಕಾಣುವಂತೆ ಗುರುತುಗಳನ್ನು ಬರೆಯಿಸಿ, ಯಾವ ದಿನ ಯಾವ ದಾರಿಯಲ್ಲಿ ಹೋಗುತ್ತವೆಂಬುದನ್ನು ಎರಡು ಪಕ್ಷಗಳಿಗೂ ಮೊದಲೇ ತಿಳಿಸಿ, ಇಬ್ಬರಿಂದಲೂ ಅಭಯವನ್ನು ಪಡೆಯಬೇಕು. ಅಥೆನ್ಸಿನಲ್ಲಿ ಸರಕನ್ನು ಇಳಿಸಿಕೊಂಡು ಹಂಚುವವರು ಜರ್ಮನರೂ ಅಲ್ಲ, ಅವರು ಕೂರಿಸಿದ್ದ ಗ್ರೀಕ್ ಸರಕಾರವೂ ಅಲ್ಲ. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡಿನವರು ಕೂಡಿದ ರೆಡ್ ಕ್ರಾಸ್ ಆಯೋಗ. ಇದರ ಅಧ್ಯಕ್ಷರಾಗಿ ೧೯೪೩ರಿಂದ ದುಡಿದವರು ಸ್ವೀಡನ್ನಿನ ನ್ಯಾಯಾಧೀಶ ಎಮಿಲ್ ಸಾಂಡ್‌ಸ್ಟ್ರೋಮ್. ಬಂದ ಗೋಧಿಯನ್ನು ಮುಟ್ಟುವುದಿಲ್ಲ, ನಾಡಿನಲ್ಲಿ ಬೆಳೆದುದನ್ನೂ ನಾಡಿನ ಜನಕ್ಕೇ ಬಿಡುತ್ತೇವೆ, ದಂಡಿಗಾಗಿ ತೆಗೆದುಕೊಂಡರೆ ಅಷ್ಟೇ ಬೆಲೆಯ ಆಹಾರವನ್ನು ತಂದು ತುಂಬುತ್ತೇವೆ ಎಂದು ಆಕ್ರಮಣಕಾರರು ಮಾತುಕೊಡಬೇಕು. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ಆಯೋಗ ನೋಡುತ್ತಿರಬೇಕು.

ಇಲ್ಲಿ ಯಾರೂ ಯಾರನ್ನೂ ನಂಬಲಿಲ್ಲ ಎಂಬುದನ್ನು ಗಮನಿಸೋಣ. ಬ್ರಿಟಿಷರಿಗೆ ಜರ್ಮನರ ಮಾತಿನಲ್ಲಿ ನಂಬಿಕೆ ಹುಟ್ಟಿದ್ದರಿಂದ ಹಡಗು ಹೊರಡಲಿಲ್ಲ. ನಂಬಿಕೆಯಿಲ್ಲದಿದ್ದರೂ ಕೆಲಸ ನಡೆಯುವಂತಹ ಒಂದು ವ್ಯವಸ್ಥೆಯನ್ನು ಕಟ್ಟಿದ್ದರಿಂದ ಹೊರಟಿತು. ಶತ್ರುಗಳ ನಡುವೆ ಮೂರನೆಯವನೊಬ್ಬನನ್ನು ನಿಲ್ಲಿಸಿ, ಅವನ ಕೈಯಲ್ಲಿ ತಕ್ಕಡಿಯನ್ನೂ ಲೆಕ್ಕದ ಪುಸ್ತಕವನ್ನೂ ಕೊಟ್ಟರು. ಸಂಶಯವನ್ನು ಯಾರೂ ಹೋಗಲಾಡಿಸಲಿಲ್ಲ. ಅದಕ್ಕೆ ಲೆಕ್ಕದಿಂದ ಉತ್ತರ ಕೊಟ್ಟರು, ಅಷ್ಟೆ.

ತಿಂಗಳಿಗೆ ೧೫,೦೦೦ ಟನ್ ಎಂದರೆ ದಿನಕ್ಕೆ ೫೦೦ ಟನ್. ಒಬ್ಬೊಬ್ಬರಿಗೆ ೨೦೦ ಗ್ರಾಮಿನಂತೆ ಹಂಚಿದರೆ ಅದು ೨೫ ಲಕ್ಷ ಜನಕ್ಕೆ ಸಾಕು. ಇಡೀ ನಾಡಿಗೆ ಸಾಲದಾದರೂ ಪಟ್ಟಣಗಳು ಉಸಿರಾಡುವುದಕ್ಕೆ ಸಾಕು. ಹಡಗುಗಳು ಬರತೊಡಗಿದ ಮೇಲೆ ಕೊರತೆ ತೀರಲಿಲ್ಲ. ಆದರೆ ಅಥೆನ್ಸಿನಲ್ಲಿ ಮೊದಲ ಚಳಿಗಾಲದ ಸಾವಿನ ಹೊಳೆ ಮತ್ತೆ ಹರಿಯಲಿಲ್ಲ.

ಹಡಗು ಬಂದರನ್ನು ಸೇರಿದೊಡನೆ ತೊಡಕುಗಳು ಮುಗಿದುವೆಂದು ತಿಳಿಯಬಾರದು. ಪಿರೇಯಸ್ಸಿನಿಂದ ಅಥೆನ್ಸಿಗೆ ಗೋಧಿಯನ್ನು ಮುಟ್ಟಿಸುವುದು ಸುಲಭ. ಅಲ್ಲಿಂದ ಬೆಟ್ಟದ ಹಳ್ಳಿಗೆ ಅಥವಾ ದೂರದ ದ್ವೀಪಕ್ಕೆ ಮುಟ್ಟಿಸುವುದು ಬೇರೆಯೇ ಮಾತು. ಲಾರಿಗಳಿಲ್ಲ, ಇದ್ದರೂ ಎಣ್ಣೆಯಿಲ್ಲ. ರೈಲುದಾರಿಯ ಸೇತುವೆಗಳನ್ನು ದೇಶಪ್ರೇಮಿಗಳೇ ಉರುಳಿಸಿದ್ದಾರೆ. ದಂಡಿನ ಸಾಗಾಟ ನಿಲ್ಲಲೆಂದು ಉರುಳಿಸಿದ ಸೇತುವೆ ಗೋಧಿಯ ಸಾಗಾಟವನ್ನೂ ನಿಲ್ಲಿಸುತ್ತದೆ. ಬೆಟ್ಟಗಳಲ್ಲಿ ಗೆರಿಲ್ಲಾ ಪಡೆಗಳು. ಅವರ ಹಳ್ಳಿಗೆ ಆಹಾರ ಕೊಟ್ಟರೆ ಜರ್ಮನರ ಕೋಪ. ಕೊಡದಿದ್ದರೆ, ಸೇಡಿಗಾಗಿ ಸುಟ್ಟ ಮನೆಗಳ ಮುಂದೆ ಕುಳಿತ ಹೆಂಗಸರೂ ಮಕ್ಕಳೂ ಸಾಯುವರು. ಆಯೋಗದ ಪ್ರತಿನಿಧಿಗಳು ಒಂದೊಂದು ಪ್ರಾಂತದಲ್ಲಿಯೂ ಎರಡು ಕಡೆಯವರೊಡನೆಯೂ ಮಾತಾಡಿ ದಾರಿಯನ್ನು ಬಿಡಿಸಿಕೊಳ್ಳಬೇಕಾಗಿತ್ತು. ಸಮುದ್ರದ ಅಭಯವೂ ಪೂರ್ಣವಾಗಿರಲಿಲ್ಲ. ೧೯೪೪ರ ಫೆಬ್ರವರಿಯಲ್ಲಿ ಕೀಯೋಸ್ ದ್ವೀಪದ ಬಂದರಿನಲ್ಲಿದ್ದ ಒಂದು ರೆಡ್ ಕ್ರಾಸ್ ಹಡಗಿನ ಮೇಲೆ ಬ್ರಿಟಿಷ್ ವಿಮಾನಗಳ ಬಾಂಬುಗಳೇ ಬಿದ್ದುವು. ದೊಡ್ಡ ರಾಜಧಾನಿಗಳಲ್ಲಿ ಕೊಟ್ಟ ಅಪ್ಪಣೆ ಕಟ್ಟಕಡೆಯ ಚೌಕಿಯವರೆಗೆ ತಲಪಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಯುದ್ಧಭೂಮಿಯಲ್ಲಿ ಅಕ್ಷರಶಃ ನಿಜವಾಗುತ್ತದೆ. ಮೇಲಿನ ಸೇನಾಪತಿ ಬಿಡು ಎಂದರೂ ಸೇತುವೆಯ ಬಳಿಯ ಹವಲ್ದಾರ ಬಿಡದೆ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಗ್ರೀಸಿನ ಏರ್ಪಾಡು ಬರಿಗಾಳಿಯಿಂದ ಹುಟ್ಟಿದುದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಮ್ ಇದೇ ಇಕ್ಕಟ್ಟಿಗೆ ಸಿಕ್ಕಿತ್ತು. ಜರ್ಮನರು ಒಳಗೆ, ಬ್ರಿಟಿಷ್ ನೌಕಾಬಲ ಹೊರಗೆ, ನಡುವೆ ಧಾನ್ಯವಿಲ್ಲದ ಜನ. ೧೯೧೪ರಲ್ಲಿ ಹರ್ಬರ್ಟ್ ಹೂವರ್ ಎಂಬ ಅಮೆರಿಕದ ಇಂಜಿನಿಯರು ಒಂದು ಸಂಘವನ್ನು ಕಟ್ಟಿ, ಬೆಲ್ಜಿಯಮ್ ಮತ್ತು ಉತ್ತರ ಫ್ರಾನ್ಸಿನ ಸುಮಾರು ೯೦ ಲಕ್ಷ ಜನಕ್ಕೆ ಯುದ್ಧ ಮುಗಿಯುವವರೆಗೂ ಆಹಾರ ಮುಟ್ಟುವಂತೆ ಮಾಡಿದರು. ಅವರೇ ಮುಂದೆ ೧೯೨೯ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಆ ಸಂಘದ ಜಾಗರೂಕತೆ ಎಷ್ಟಿತ್ತೆಂದರೆ, ಹಿಟ್ಟನ್ನು ಬರಿದುಮಾಡಿದ ಚೀಲಗಳನ್ನೂ ಎಣಿಸಿ ಲೆಕ್ಕವಿಡುತ್ತಿದ್ದರು. ಹತ್ತಿಯಿಂದ ಸಿಡಿಮದ್ದನ್ನು ತಯಾರಿಸಬಹುದು. ಒಂದು ಖಾಲಿ ಚೀಲ ಶತ್ರುವಿನ ಕಾರ್ಖಾನೆಗೆ ಹೋಯಿತೆಂಬ ಅಪವಾದ ಬಂದರೆ ಮುಂದಿನ ಹಡಗು ನಿಲ್ಲುತ್ತಿತ್ತು. ಬೆಲ್ಜಿಯಮ್ಮಿನ ಹೆಂಗಸರು ಆ ಚೀಲಗಳ ಮೇಲೆ ಕಸೂತಿ ತೆಗೆದು ಕಳುಹಿಸಿದರು; ಅವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಇಂತಹ ಪಾಠ ಎದುರಿಗಿದ್ದೂ ಗ್ರೀಸಿನಲ್ಲಿ ಒಂದು ಚಳಿಗಾಲವನ್ನು ವಾದದಲ್ಲಿ ಕಳೆದರು. ಎರಡನೆಯ ಯುದ್ಧದಲ್ಲಿ ಬೆಲ್ಜಿಯಮ್ಮಿಗೆ ಆ ಬಾಗಿಲು ಹಾಗೆ ತೆರೆಯಲೂ ಇಲ್ಲ. ೧೯೪೨ರ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್ ನಗರದ ಒಂದು ಚರ್ಚಿನಲ್ಲಿ ಗಿಲ್ಬರ್ಟ್ ಮರೆ ಮೊದಲಾದವರು ಸೇರಿ ಕ್ಷಾಮಪರಿಹಾರದ ಸಮಿತಿಯೊಂದನ್ನು ಸ್ಥಾಪಿಸಿದರು. ದಿಗ್ಬಂಧನ ಸಡಿಲಲಿ ಎಂದು ತಮ್ಮ ಸರಕಾರವನ್ನೇ ಒತ್ತಾಯಪಡಿಸುವುದು ಅದರ ಉದ್ದೇಶ. ಅದೇ ಮುಂದೆ ಆಕ್ಸ್‌ಫಾಮ್ ಎಂದು ಲೋಕಪ್ರಸಿದ್ಧವಾಯಿತು.

ಏರ್ಪಾಡು ಕೂಡದೆ ಹೋದರೆ ಏನಾಗುತ್ತದೆಂಬುದಕ್ಕೆ ಆಫ್ರಿಕದ ನೈಜೀರಿಯ ನಿದರ್ಶನ. ೧೯೬೭ರಿಂದ ೧೯೭೦ರವರೆಗೆ ಅಲ್ಲಿ ಬಿಯಾಫ್ರಾ ಪ್ರಾಂತ ಬೇರೆಯಾಗಲು ಹೋರಾಡಿತು. ನೈಜೀರಿಯ ಸರಕಾರ ಅದನ್ನು ಸುತ್ತುಗಟ್ಟಿತು. ಆಹಾರ ಬರಲಿ, ಆದರೆ ನಾವು ತಪಾಸಣೆ ಮಾಡಿದ ದಾರಿಯಲ್ಲಿ, ಹಗಲಿನಲ್ಲಿ ಬರಲಿ ಎಂದು ಸರಕಾರ ಹೇಳಿತು. ಹಗಲಿನ ದಾರಿ ತೆರೆದರೆ ಅದರ ಹಿಂದೆಯೇ ದಂಡು ಬರುವುದು, ಅವರು ಮುಟ್ಟಿದ ಆಹಾರದಲ್ಲಿ ವಿಷವಿರುವುದು ಎಂದು ಬಿಯಾಫ್ರಾದ ನಾಯಕರು ಹೇಳಿದರು. ಕ್ರೈಸ್ತಸಂಘಗಳ ವಿಮಾನಗಳು ಕತ್ತಲೆಯಲ್ಲಿ ಉಲಿ ಎಂಬಲ್ಲಿನ ರಸ್ತೆಯಂತಹ ಪಟ್ಟಿಯ ಮೇಲೆ ಇಳಿಯುತ್ತಿದ್ದುವು. ಮದ್ದುಗುಂಡಿನ ವಿಮಾನಗಳು ಇಳಿಯುತ್ತಿದ್ದುದೂ ಅಲ್ಲಿಯೇ, ಅದೇ ಕತ್ತಲೆಯಲ್ಲಿ. ಮೇಲಿನಿಂದ ನೋಡುವವನಿಗೆ ಹಾಲುಪುಡಿ ಯಾವುದು, ಗುಂಡು ಯಾವುದು? ೧೯೬೯ನೆಯ ಜೂನ್ ೫ರಂದು ರೆಡ್ ಕ್ರಾಸಿನ ಒಂದು ವಿಮಾನವನ್ನು ಹೊಡೆದು ಕೆಡವಿದರು. ಅನಂತರ ರೆಡ್ ಕ್ರಾಸಿನ ಹಾರಾಟ ನಿಂತಿತು. ಇಲ್ಲಿ ಕೊಡುವ ಕೈಗಳಿಗೆ ಕೊರತೆಯಿರಲಿಲ್ಲ. ಎರಡು ಪಕ್ಷಗಳೂ ಒಪ್ಪುವ ಸಾಕ್ಷಿಯೊಬ್ಬನಿಗೆ ಕೊರತೆಯಿತ್ತು.

ಕಾನೂನು ಈ ವಿಷಯದಲ್ಲಿ ಎಷ್ಟು ದೂರ ನಡೆದಿದೆಯೆಂಬುದನ್ನೂ ಹೇಳಬೇಕು. ೧೯೪೯ರ ನಾಲ್ಕನೆಯ ಜಿನೀವಾ ಒಡಂಬಡಿಕೆಯ ೫೫ನೆಯ ವಿಧಿ, ಆಕ್ರಮಿಸಿದ ನಾಡಿನ ಜನಕ್ಕೆ ತನ್ನ ಶಕ್ತಿಯಿದ್ದಷ್ಟೂ ಆಹಾರವನ್ನು ಒದಗಿಸುವುದು ಆಕ್ರಮಣಕಾರನ ಕರ್ತವ್ಯವೆಂದು ಸ್ಪಷ್ಟವಾಗಿ ನುಡಿಯಿತು. ಅವನಿಂದ ಆಗದಿದ್ದರೆ ಹೊರಗಿನ ಸಹಾಯಕ್ಕೆ ಅವನು ಒಪ್ಪಲೇಬೇಕೆಂದು ೫೯ನೆಯ ವಿಧಿ ಹೇಳಿತು. ಗ್ರೀಸಿನ ವಾದಗಳಿಗೆ ಇದು ಉತ್ತರವೆಂದೇ ತೋರುತ್ತದೆ. ಆದರೆ ದಿಗ್ಬಂಧನದ ಮೂಲಕ ಹೋಗುವ ಆಹಾರವನ್ನು ಕುರಿತ ೨೩ನೆಯ ವಿಧಿಯನ್ನು ಓದಿದರೆ ಹಳೆಯ ಸಂಶಯವೇ ಅಲ್ಲಿ ಕುಳಿತಿರುವುದು ಕಾಣುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳು, ಬಸುರಿಯರು, ಬಾಣಂತಿಯರು ಇವರ ಆಹಾರವನ್ನು ಬಿಡಬೇಕು. ಆದರೆ ಅದು ಬೇರೆಯವರ ಪಾಲಾಗುವ, ಮೇಲ್ವಿಚಾರಣೆ ಸಾಲದಿರುವ, ಶತ್ರುವಿಗೆ ಲಾಭವಾಗುವ ಭಯಕ್ಕೆ ಬಲವಾದ ಕಾರಣವಿದ್ದರೆ ಬಿಡಬೇಕಾಗಿಲ್ಲ. ಭಯಕ್ಕೆ ಕಾರಣವಿದೆಯೇ ಎಂದು ತೀರ್ಮಾನಿಸುವವನು, ಭಯಪಡುವವನೇ! ೧೯೭೭ರ ಪೂರಕ ಒಡಂಬಡಿಕೆಗಳು ಜನರನ್ನು ಉಪವಾಸ ಕೆಡಹುವುದನ್ನು ಯುದ್ಧದ ಉಪಾಯವಾಗಿ ಬಳಸಕೂಡದೆಂದು ನಿಷೇಧಿಸಿದುವು. ೧೯೯೮ರ ರೋಮ್ ಶಾಸನ ರಾಷ್ಟ್ರರಾಷ್ಟ್ರಗಳ ಯುದ್ಧದಲ್ಲಿ ಅದನ್ನು ಯುದ್ಧಾಪರಾಧವೆಂದು ಎಣಿಸಿತು. ೨೦೧೮ರ ಮೇ ತಿಂಗಳಲ್ಲಿ ಸಂಯುಕ್ತ ರಾಷ್ಟ್ರಗಳ ಭದ್ರತಾಮಂಡಲಿ ೨೪೧೭ನೆಯ ನಿರ್ಣಯದಲ್ಲಿ ಅದನ್ನು ಖಂಡಿಸಿತು. ಹೀಗೆ ಮಾತು ಮೆಟ್ಟಲು ಮೆಟ್ಟಲಾಗಿ ಗಟ್ಟಿಯಾಗಿದೆ. ಮಾತು ಗಟ್ಟಿಯಾದ ಮಾತ್ರಕ್ಕೆ ಗಾಡಿ ಮುಂದಕ್ಕೆ ಹೋಗುವುದಿಲ್ಲವೆಂಬುದೂ ಅಷ್ಟೇ ನಿಜ.

ಇದೆಲ್ಲದರಿಂದ ನಾವು ತೆಗೆಯಬಹುದಾದ ಫಲಿತಾಂಶವೇನು? ಯುದ್ಧದ ನಾಡಿನಲ್ಲಿ ಹಸಿವಿನ ಸಮಾಚಾರ ಬಂದಾಗ ಎಷ್ಟು ಧಾನ್ಯ ಕಳುಹಿಸಿದರು ಎಂದು ಕೇಳುವುದು ನಮ್ಮ ರೂಢಿ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾರ ಅಪ್ಪಣೆ ಬೇಕಾಗಿದೆ? ಆ ಅಪ್ಪಣೆಯನ್ನು ತಡೆದಿರುವ ಸಂಶಯ ಯಾವುದು? ಆ ಸಂಶಯಕ್ಕೆ ಲೆಕ್ಕದಿಂದ ಉತ್ತರ ಕೊಡಬಲ್ಲ ಮೂರನೆಯವನೊಬ್ಬನು ಅಲ್ಲಿ ನಿಂತಿದ್ದಾನೆಯೇ, ಅವನನ್ನು ನಿಲ್ಲಲು ಬಿಟ್ಟಿದ್ದಾರೆಯೇ? ಸಂಶಯ ಪ್ರಾಮಾಣಿಕವಾದುದಾಗಿದ್ದರೆ ಅಂತಹ ಸಾಕ್ಷಿಯನ್ನು ಒಪ್ಪಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸಾಕ್ಷಿಯೂ ಬೇಡ, ಆಹಾರವೂ ಬೇಡ ಎನ್ನುವ ಪಕ್ಷಕ್ಕೆ ಹಸಿವೇ ಬೇಕಾಗಿದೆಯೆಂದು ತಿಳಿಯಬಹುದು. ಪ್ರಾಮಾಣಿಕವಾದ ಭಯವನ್ನೂ ನೆಪವನ್ನೂ ಬೇರ್ಪಡಿಸುವ ಒರೆಗಲ್ಲು ಇದು.

ಇನ್ನೊಂದು ಮಾತು ಕಾಲವನ್ನು ಕುರಿತದ್ದು. ಮಾತುಕತೆಗೆ ತಿಂಗಳುಗಳು ಬೇಕು. ಹಸಿದ ಮಗುವಿಗೆ ವಾರಗಳೇ ಹೆಚ್ಚು. ೧೯೪೨ರ ಆಗಸ್ಟಿನಲ್ಲಿ ಸಾಧ್ಯವಾದುದು ೧೯೪೧ರ ಅಕ್ಟೋಬರಿನಲ್ಲಿ ಅಸಾಧ್ಯವಾಗಿರಲಿಲ್ಲ. ಅದೇ ಗೋಧಿ, ಅದೇ ಸ್ವೀಡನ್, ಅದೇ ಸಮುದ್ರ. ಆ ಎರಡು ದಿನಾಂಕಗಳ ನಡುವೆ ಅಥೆನ್ಸಿನ ಬೀದಿಗಳಲ್ಲಿ ಬಿದ್ದವರು ಧಾನ್ಯದ ಅಭಾವದಿಂದ ಮಾತ್ರ ಸತ್ತವರಲ್ಲ. ಒಂದು ಏರ್ಪಾಡು ತಡವಾಗಿ ಬಂದುದರಿಂದ ಸತ್ತವರು. ತಕ್ಕಡಿಯನ್ನೂ ಲೆಕ್ಕದ ಪುಸ್ತಕವನ್ನೂ ಹಿಡಿಯಬಲ್ಲ ತಟಸ್ಥರನ್ನು ಯುದ್ಧದ ಮೊದಲ ವಾರದಲ್ಲಿಯೇ ಗೊತ್ತುಮಾಡುವ ವಿವೇಕ ರಾಷ್ಟ್ರಗಳಿಗೆ ಬಂದರೆ, ಅಷ್ಟರಮಟ್ಟಿಗೆ ಅವರ ಸಾವು ವ್ಯರ್ಥವಾಗದು.